ಲೆಕ್ಕ ಬರಲ್ಲ ಅಂದ್ರೆ ಏನರ್ಥ? ತಲೆ, ಶ್ರಮ, ಮಾರ್ಕ್ಸು: ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವುದು ನನ್ನ ಕೆಲಸ. ಪೋಷಕರ ಸಭೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಜನ ಬಸ್‌ಸ್ಟ್ಯಾಂಡಿನಲ್ಲೂ ಕೇಳುತ್ತಾರೆ, ಮದುವೆ ಮನೆಯಲ್ಲಿ ಎಲೆ ಮುಂದೆ ಕೂತಾಗಲೂ ಕೇಳುತ್ತಾರೆ. ಪಾಯಸ ಬರುವಷ್ಟರಲ್ಲಿ ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ನನ್ನ ಮಗಳಿಗೆ ಲೆಕ್ಕ ಬರಲ್ಲ. ಇದು ಹುಟ್ಟಿನಿಂದಲೇ ಬಂದಿದ್ದಾ?

ಮೊದಲು ಆ "ಬರಲ್ಲ" ಅನ್ನುವ ಮಾತನ್ನೇ ನೋಡೋಣ. ನಮ್ಮ ಭಾಷೆಯಲ್ಲಿ ಈಜು ಬರುತ್ತೆ, ಸೈಕಲ್ ಬರುತ್ತೆ, ಅಡುಗೆ ಬರುತ್ತೆ, ಇಂಗ್ಲಿಷ್ ಬರುತ್ತೆ. ಎಲ್ಲದಕ್ಕೂ ಅದೇ "ಬರುತ್ತೆ". ಆದರೆ "ನನಗೆ ಸೈಕಲ್ ಬರಲ್ಲ" ಅಂದರೆ ಕೇಳಿದವರು ಏನು ತಿಳಿಯುತ್ತಾರೆ? ಇನ್ನೂ ಕಲಿತಿಲ್ಲ, ಅಷ್ಟೇ. ಸೊಸೆಗೆ ಮುದ್ದೆ ಕಟ್ಟಲು ಬರಲ್ಲ ಅಂದರೆ ಅತ್ತೆ ನಾಲ್ಕು ಮಾತು ಆಡಬಹುದು, ಆದರೆ "ಅವಳ ರಕ್ತದಲ್ಲೇ ಮುದ್ದೆ ಇಲ್ಲ" ಅಂತ ಯಾರೂ ಅನ್ನುವುದಿಲ್ಲ. ಎರಡು ವಾರ ಗಂಟು ಗಂಟು ಮುದ್ದೆ ತಿಂದು ಸುಮ್ಮನಾಗುತ್ತಾರೆ.

ಲೆಕ್ಕದ ವಿಷಯಕ್ಕೆ ಬಂದರೆ ಅದೇ ಪದದ ಅರ್ಥವೇ ಬೇರೆ. "ನನಗೂ ಬರ್ತಿರಲಿಲ್ಲ ಸಾರ್, ಅವಳಿಗೂ ಬರಲ್ಲ, ನಮ್ಮ ವಂಶದಲ್ಲೇ ಇಲ್ಲ." ಮಗಳು ಪಕ್ಕದಲ್ಲೇ ನಿಂತಿರುತ್ತಾಳೆ. ಕೇಳಿಸಿಕೊಳ್ಳುತ್ತಾಳೆ.

ಮಕ್ಕಳ ನಡುವೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ. ಕೆಲವರು ಬೇಗ ಹಿಡಿಯುತ್ತಾರೆ, ಕೆಲವರಿಗೆ ಹೊತ್ತು ಬೇಕು. ಕೆಲವು ಮಕ್ಕಳಿಗೆ ಅಂಕಿಗಳನ್ನು ಗ್ರಹಿಸುವುದರಲ್ಲೇ ನಿಜವಾದ ತೊಡಕು ಇರುತ್ತದೆ. ಅಂಥವರನ್ನು ತಜ್ಞರಿಗೆ ತೋರಿಸಬೇಕು. ಆದರೆ ನನ್ನ ಹತ್ತಿರ "ಬರಲ್ಲ" ಅಂತ ಬರುವ ಮಕ್ಕಳಲ್ಲಿ ಹೆಚ್ಚಿನವರ ಕಥೆ ಸೈಕಲ್ಲಿನದ್ದೇ.

ಇದರಲ್ಲಿ ಸಂಸ್ಕೃತಿ ಎಲ್ಲಿಂದ ಬಂತು?

ಮಗು 40 ಮಾರ್ಕ್ಸ್ ತಂದಾಗ ಮನೆಯವರ ಬಾಯಿಗೆ ತಟ್ಟನೆ ಬರುವ ಕಾರಣ ಯಾವುದು ಅಂತ ಗಮನಿಸಿ. ತಲೆ ಇಲ್ಲ? ಓದಲಿಲ್ಲ? ಮೇಷ್ಟ್ರು ಸರಿ ಇಲ್ಲ? ಹಣೆಬರಹ? ದೃಷ್ಟಿ ಆಯ್ತು? ಆ ಕಾರಣವನ್ನು ಯಾರೂ ಕೂತು ಯೋಚಿಸಿ ಹುಡುಕಿರುವುದಿಲ್ಲ. ಸುತ್ತಮುತ್ತ ಆಡುವ ಮಾತಿನಿಂದ ಬಂದಿರುತ್ತದೆ. ನಾನು ಸಂಸ್ಕೃತಿ ಅನ್ನುತ್ತಿರುವುದು ಅದನ್ನೇ. ಮಾರನೇ ದಿನ ಮಗು ಪುಸ್ತಕ ತೆಗೆಯುತ್ತದೋ ಇಲ್ಲವೋ ಅನ್ನುವುದು ಆ ಕಾರಣದ ಮೇಲೆ ನಿಂತಿದೆ.

ಬೇರೆ ದೇಶದವರು ಬೇರೆ ಥರ ಯೋಚಿಸುತ್ತಾರಾ?

ಯೋಚಿಸುತ್ತಾರೆ. ಇದನ್ನು ಚೆನ್ನಾಗಿಯೇ ಪರೀಕ್ಷಿಸಿ ನೋಡಿದ್ದಾರೆ.

1980ರ ಹೊತ್ತಿಗೆ ಹೆರಾಲ್ಡ್ ಸ್ಟೀವನ್‌ಸನ್ ಮತ್ತು ಜೇಮ್ಸ್ ಸ್ಟಿಗ್ಲರ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು ಮೂರು ಊರುಗಳ ಶಾಲೆಗಳನ್ನು ಹೋಲಿಸಿ ನೋಡಲು ಶುರು ಮಾಡಿದರು. ಅಮೆರಿಕದ ಮಿನಿಯಾಪೊಲಿಸ್, ಜಪಾನಿನ ಸೆಂಡೈ, ತೈವಾನಿನ ತೈಪೆ. ಒಂದನೇ ಮತ್ತು ಐದನೇ ತರಗತಿಯ ಮಕ್ಕಳು. ಐದನೇ ತರಗತಿಗೆ ಬರುವಷ್ಟರಲ್ಲಿ ಗಣಿತದಲ್ಲಿ ಅಮೆರಿಕದ ಮಕ್ಕಳು ಸಾಕಷ್ಟು ಹಿಂದೆ ಬಿದ್ದಿದ್ದರು. ವಿಚಿತ್ರ ಏನು ಗೊತ್ತಾ? ಮಗುವಿನ ಓದಿನ ಬಗ್ಗೆ ಜಾಸ್ತಿ ಖುಷಿಯಾಗಿದ್ದವರು ಅಮೆರಿಕದ ತಾಯಂದಿರೇ. ಗೆಲುವಿಗೆ ಕಾರಣ ಏನು ಅಂತ ಕೇಳಿದರೆ ಜಪಾನ್, ತೈವಾನಿನ ತಾಯಂದಿರು ಶ್ರಮಕ್ಕೆ ಹೆಚ್ಚು ತೂಕ ಕೊಟ್ಟರು. ಹುಟ್ಟಿನಿಂದ ಬಂದ ಬುದ್ಧಿಗೆ ಅಮೆರಿಕದ ತಾಯಂದಿರು ಕೊಟ್ಟಷ್ಟು ತೂಕವನ್ನು ಅವರು ಕೊಡಲಿಲ್ಲ.

ಸ್ಟಿಗ್ಲರ್ ಹೇಳುವ ಒಂದು ಪ್ರಸಂಗ ಇದೆ. ನನಗೆ ಅದು ಅಂಕಿಸಂಖ್ಯೆಗಳಿಗಿಂತ ಇಷ್ಟ. 1979ರಲ್ಲಿ ಅವರು ಜಪಾನಿನ ಒಂದು ನಾಲ್ಕನೇ ತರಗತಿಯಲ್ಲಿ ಹಿಂದೆ ಕೂತು ಪಾಠ ನೋಡುತ್ತಿದ್ದರು. ಆವತ್ತು ಘನಾಕೃತಿ, ಅಂದರೆ ಪೆಟ್ಟಿಗೆಯಂಥ ಆಕಾರವನ್ನು ಹಾಳೆಯ ಮೇಲೆ ಬರೆಯುವ ಪಾಠ. ಒಬ್ಬ ಹುಡುಗನಿಗೆ ಬರೆಯಲು ಆಗುತ್ತಿರಲಿಲ್ಲ. ಮೇಷ್ಟ್ರು ಅವನನ್ನೇ ಬೋರ್ಡಿಗೆ ಕರೆದರು. ಬರೆದ, ತಪ್ಪಾಯಿತು. ಮೇಷ್ಟ್ರು ತರಗತಿಯನ್ನು ಕೇಳಿದರು, ಸರಿಯಾಯಿತಾ ಅಂತ. ಎಲ್ಲರೂ ಇಲ್ಲ ಅಂದರು. ಮತ್ತೆ ಬರೆದ. ಮತ್ತೆ ಇಲ್ಲ. ಹೀಗೇ ಪೀರಿಯಡ್ ಮುಗಿಯುತ್ತಾ ಬಂತು. ಹಿಂದೆ ಕೂತಿದ್ದ ಸ್ಟಿಗ್ಲರ್‌ಗೆ ಬೆವರು ಬರುತ್ತಿತ್ತಂತೆ, ಈ ಹುಡುಗ ಈಗ ಅತ್ತುಬಿಡುತ್ತಾನೆ ಅಂತ. ಹುಡುಗ ಅಳಲಿಲ್ಲ. ಕೊನೆಗೆ ಸರಿಯಾಗಿ ಬರೆದ. ತರಗತಿ ಚಪ್ಪಾಳೆ ತಟ್ಟಿತು. ನಗುತ್ತಾ ಹೋಗಿ ಕೂತ.

ನಮ್ಮಲ್ಲಿ ಬೋರ್ಡಿಗೆ ಯಾರನ್ನು ಕರೆಯುತ್ತೇವೆ? ಸರಿ ಮಾಡಿದವರನ್ನು. ತಪ್ಪು ಮಾಡಿದವನನ್ನು ಕರೆದರೆ ಅದು ಶಿಕ್ಷೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ.

ಇನ್ನೊಂದು ಪ್ರಯೋಗ 2001ರದ್ದು, ಸ್ಟೀವನ್ ಹೈನೆ ಮತ್ತು ಸಂಗಡಿಗರದ್ದು. ಕೆನಡಾದ ಕಾಲೇಜು ವಿದ್ಯಾರ್ಥಿಗಳಿಗೂ ಜಪಾನಿನ ವಿದ್ಯಾರ್ಥಿಗಳಿಗೂ ಒಂದು ಒಗಟಿನಂಥ ಕೆಲಸ ಕೊಟ್ಟರು. ಕೆಲವರಿಗೆ "ಚೆನ್ನಾಗಿ ಮಾಡಿದಿರಿ" ಅಂದರು, ಕೆಲವರಿಗೆ "ಸರಿ ಹೋಗಲಿಲ್ಲ" ಅಂದರು. ಆಮೇಲೆ ಅಂಥದ್ದೇ ಇನ್ನೊಂದನ್ನು ಕೊಟ್ಟು ಅವರಷ್ಟಕ್ಕೆ ಬಿಟ್ಟರು. ಕೆನಡಾದವರು ಗೆದ್ದ ಮೇಲೆ ಹೆಚ್ಚು ಹೊತ್ತು ಕೂತರು. ಜಪಾನಿನವರು ಸೋತ ಮೇಲೆ ಹೆಚ್ಚು ಹೊತ್ತು ಕೂತರು. ಒಬ್ಬರಿಗೆ ಸೋಲು ಅಂದರೆ "ಇದು ನನ್ನದಲ್ಲ". ಇನ್ನೊಬ್ಬರಿಗೆ "ಇಲ್ಲಿ ಕೆಲಸ ಬಾಕಿ ಇದೆ".

ಹಾಗಾದ್ರೆ ನಾವೂ ಅವರ ಥರ ಆಗಬೇಕಾ?

ಬೇಡಪ್ಪಾ, ಪೂರ್ತಿ ಬೇಡ. ಶ್ರಮವೇ ಎಲ್ಲ ಅನ್ನುವ ನಂಬಿಕೆಗೂ ಒಂದು ಬೆಲೆ ಇದೆ. ಚೀನಾದಲ್ಲಿ ಸರ್ಕಾರಿ ಅಧಿಕಾರಿಗಳನ್ನು ಪರೀಕ್ಷೆಯಿಂದ ಆರಿಸುವ ಪದ್ಧತಿ 1905ರಲ್ಲಿ ನಿಲ್ಲುವವರೆಗೆ ಸುಮಾರು 1300 ವರ್ಷ ನಡೆಯಿತು. ಬಡವನ ಮಗನೂ ಓದಿ ಮೇಲೆ ಬರಬಹುದು ಅನ್ನುವ ಆಸೆ ಅಲ್ಲಿಂದ ಬೆಳೆಯಿತು. ಜೊತೆಗೆ, ಸೋತರೆ ತಪ್ಪೆಲ್ಲ ನಿನ್ನದೇ ಅನ್ನುವ ಮಾತೂ ಬೆಳೆಯಿತು. ದಕ್ಷಿಣ ಕೊರಿಯಾದಲ್ಲಿ ಕಾಲೇಜು ಪ್ರವೇಶ ಪರೀಕ್ಷೆಯ ದಿನ, ಇಂಗ್ಲಿಷ್ ಆಲಿಸುವ ಭಾಗ ನಡೆಯುವಾಗ ವಿಮಾನ ಇಳಿಯುವುದನ್ನೂ ಏರುವುದನ್ನೂ ನಿಲ್ಲಿಸುತ್ತಾರೆ. ಇಡೀ ದೇಶ ಉಸಿರು ಬಿಗಿ ಹಿಡಿದು ಕೂತರೆ ಹದಿನೆಂಟು ವರ್ಷದ ಮಗುವಿನ ಎದೆ ಏನಾಗಬೇಡ?

ನಮ್ಮ ಸಿಇಟಿ, ನೀಟ್ ಮನೆಗಳಿಗೂ ಇದು ಗೊತ್ತಿರುವ ಸಂಗತಿಯೇ. ರ‍್ಯಾಂಕು ಅನ್ನುವುದು ಬಸ್ಸಿನ ಸೀಟಿದ್ದ ಹಾಗೆ. ಎಲ್ಲರೂ ಅರ್ಧ ಗಂಟೆ ಮುಂಚೆ ಬಂದರೂ ಸೀಟು ಜಾಸ್ತಿ ಆಗುವುದಿಲ್ಲ. ಅಲ್ಲಿ ಸೀಟು ಸಿಗದವರಿಗೆಲ್ಲ "ನೀನು ಶ್ರಮ ಪಡಲಿಲ್ಲ" ಅಂದರೆ ಅದು ಸುಳ್ಳು.

ನಮ್ಮವರು ಹಣೆಬರಹ, ಕರ್ಮ ಅಂತ ನಂಬೋರು. ಅದಕ್ಕೇ ಹಿಂದೆ ಬಿದ್ದಿದ್ದೇವಾ?

ಹೊರಗಿನವರು ಹಾಗೆ ಅಂದುಕೊಂಡಿದ್ದಾರೆ. ನಾವೂ ಒಪ್ಪಿಕೊಂಡುಬಿಟ್ಟಿದ್ದೇವೆ. ಆದರೆ 2012ರಲ್ಲಿ ಅನೀತಾ ರತ್ತನ್, ಕೃಷ್ಣ ಸವಾನಿ, ಕ್ಯಾರೊಲ್ ಡ್ವೆಕ್ ಮೊದಲಾದವರು ಪ್ರಕಟಿಸಿದ ಅಧ್ಯಯನದಲ್ಲಿ ಬಂದಿದ್ದು ಉಲ್ಟಾ. ಎಲ್ಲರಿಗೂ ತುಂಬ ಬುದ್ಧಿವಂತರಾಗುವ ಶಕ್ತಿ ಇದೆಯಾ, ಅಥವಾ ಕೆಲವರಿಗೆ ಮಾತ್ರವಾ ಅಂತ ಭಾರತದವರನ್ನೂ ಅಮೆರಿಕದವರನ್ನೂ ಕೇಳಿದರು. ಎಲ್ಲರಿಗೂ ಇದೆ ಅಂತ ಹೆಚ್ಚಾಗಿ ಅಂದವರು ಭಾರತದವರು.

ನನಗೆ ಇದರಲ್ಲಿ ಅಷ್ಟೇನೂ ಆಶ್ಚರ್ಯ ಆಗಲಿಲ್ಲ. ನಮ್ಮ ಗಾದೆಗಳ ಚೀಲದಲ್ಲಿ ಎರಡೂ ಇವೆ. "ಬೆಳೆಯುವ ಸಿರಿ ಮೊಳಕೆಯಲ್ಲಿ" ಅನ್ನುವ ಬಾಯಲ್ಲೇ "ಹಾಡ್ತಾ ಹಾಡ್ತಾ ರಾಗ" ಅನ್ನುತ್ತೇವೆ. ಯಾವ ಗಾದೆಯನ್ನು ಯಾವ ವಿದ್ಯೆಗೆ ಬಳಸುತ್ತೇವೆ ಅನ್ನುವುದೇ ಪ್ರಶ್ನೆ.

ಸಂಗೀತದ ಪಾಠ ನೋಡಿ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಆಮೇಲೆ ಗೀತೆ. ಈ ಮೆಟ್ಟಿಲು ಹಾಕಿಕೊಟ್ಟವರು ಪುರಂದರದಾಸರು ಅಂತ ಸಂಪ್ರದಾಯ ಹೇಳುತ್ತದೆ. ಮಗು ಮಾಯಾಮಾಳವಗೌಳದಲ್ಲಿ ಸ ರಿ ಗ ಮ ಅನ್ನುತ್ತಾ ಶ್ರುತಿ ತಪ್ಪಿದರೆ ಮೇಷ್ಟ್ರು "ನಿನಗೆ ಸಂಗೀತದ ತಲೆ ಇಲ್ಲ" ಅನ್ನುವುದಿಲ್ಲ. ಇನ್ನೊಂದು ಸಲ ಹೇಳು ಅನ್ನುತ್ತಾರೆ. ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ. ತಿಂಗಳುಗಟ್ಟಲೆ ಅದೇ. ತಂದೆ ತಾಯಿ ಹೊರಗೆ ಚಪ್ಪಲಿ ಪಕ್ಕ ತಾಳ್ಮೆಯಿಂದ ಕೂತಿರುತ್ತಾರೆ. ಅದೇ ತಂದೆ ತಾಯಿಗೆ ಭಿನ್ನರಾಶಿ ಒಂದು ವಾರದಲ್ಲಿ ಬಂದುಬಿಡಬೇಕು. ಬರದಿದ್ದರೆ "ತಲೆಗೆ ಹತ್ತಲ್ಲ".

ಅಂದರೆ ಶ್ರಮದ ಮೇಲಿನ ನಂಬಿಕೆಯನ್ನು ಜಪಾನಿನಿಂದ ತರಿಸಬೇಕಾಗಿಲ್ಲ. ಪಕ್ಕದ ಬೀದಿಯ ಸಂಗೀತದ ಕ್ಲಾಸಿನಿಂದ ಗಣಿತದ ಕ್ಲಾಸಿಗೆ ದಾಟಿಸಿದರೆ ಸಾಕು.

ಎಲ್ಲರಿಗೂ ಸಾಧ್ಯ ಅಂತ ನಂಬುವ ದೇಶದಲ್ಲಿ ಜಾತಿಯ ಮಾತು ಏಕೆ ಬರುತ್ತದೆ?

ಬಾಯಲ್ಲಿ ಹೇಳುವುದು ಬೇರೆ, ಹೆಸರು ಕೇಳಿದ ತಕ್ಷಣ ಮನಸ್ಸಿಗೆ ಬರುವುದು ಬೇರೆ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಮಾಡಿದ ಪ್ರಯೋಗವನ್ನು ನಾನು ಪ್ರತಿ ಹೊಸ ಮೇಷ್ಟ್ರಿಗೂ ಹೇಳುತ್ತೇನೆ. 6 ಮತ್ತು 7ನೇ ತರಗತಿಯ ಹುಡುಗರು. ಕಾಗದದ ಮೇಲೆ ದಾರಿ ಹುಡುಕುವ ಆಟ, ಆ ಸುರುಳಿ ಸುರುಳಿ ಗೆರೆಗಳದ್ದು. ಒಂದು ಬಿಡಿಸಿದರೆ 1 ರೂಪಾಯಿ. ಯಾರ ಜಾತಿ ಏನು ಅಂತ ಹೇಳದೆ ಆಡಿಸಿದಾಗ ಮೇಲ್ಜಾತಿಯ ಹುಡುಗರೂ ಪರಿಶಿಷ್ಟ ಜಾತಿಯ ಹುಡುಗರೂ ಹೆಚ್ಚುಕಡಿಮೆ ಒಂದೇ ಸಮ ಬಿಡಿಸಿದರು. ಆಮೇಲೆ ಬೇರೆ ಗುಂಪುಗಳಲ್ಲಿ ಆಟಕ್ಕೆ ಮುಂಚೆ ಎಲ್ಲರೆದುರು ಹುಡುಗನ ಹೆಸರು, ಅಪ್ಪನ ಹೆಸರು, ತಾತನ ಹೆಸರು, ಜಾತಿ ಓದಿದರು. ಹುಡುಗ ಹೌದು ಅಂತ ತಲೆ ಆಡಿಸಬೇಕು, ಅಷ್ಟೇ. ಪರಿಶಿಷ್ಟ ಜಾತಿಯ ಹುಡುಗರು ಬಿಡಿಸಿದ ಸಂಖ್ಯೆ ಕೆಳಗಿಳಿಯಿತು.

ಐದು ನಿಮಿಷದಲ್ಲಿ ಯಾರ ಬುದ್ಧಿಯೂ ಕಮ್ಮಿ ಆಗುವುದಿಲ್ಲ ಅಲ್ವಾ? ಸ್ಕಾಲರ್‌ಶಿಪ್ ಫಾರಂ ತುಂಬಿಸುವಾಗ "ಎಸ್‌ಸಿ ಎಸ್‌ಟಿಯವರು ಎದ್ದು ನಿಲ್ಲಿ" ಅನ್ನುವ ಅಭ್ಯಾಸ ಎಷ್ಟು ಶಾಲೆಗಳಲ್ಲಿ ಇತ್ತು, ಇದೆ, ನೆನಪಿಸಿಕೊಳ್ಳಿ. ಅದಾದ ಮೇಲಿನ ಪೀರಿಯಡ್ಡೇ ಗಣಿತ ಆಗಿದ್ದರೆ? ನಾನು ಈಗ ಫಾರಂಗಳನ್ನು ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆದು ತುಂಬಿಸುತ್ತೇನೆ.

ಹುಡುಗೀರು ಹೇಗೂ ಚೆನ್ನಾಗಿ ಓದ್ತಾರಲ್ಲ, ಅವರಿಗೇನು ತೊಂದರೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ "ಬಾಲಕಿಯರೇ ಮೇಲುಗೈ" ಅನ್ನುವ ಹೆಡ್ಡಿಂಗನ್ನು ಪತ್ರಿಕೆಯವರು ಮೊದಲೇ ಅಚ್ಚು ಹಾಕಿಟ್ಟುಕೊಳ್ಳಬಹುದು. ಆದರೆ ಅದಕ್ಕೆ ಕೊಡುವ ಕಾರಣ ಕೇಳಿ. "ಹುಡುಗೀರು ಕೂತು ಉರು ಹೊಡೀತಾರೆ. ಹುಡುಗರಿಗೆ ತಲೆ ಇದೆ, ಓದಲ್ಲ ಅಷ್ಟೇ." ಗೆದ್ದವಳಿಗೆ ಶ್ರಮ, ಸೋತವನಿಗೆ ಬುದ್ಧಿ! ಶ್ರಮ ಅನ್ನುವ ಒಳ್ಳೆಯ ಮಾತು ಇಲ್ಲಿ ಬೈಗುಳ ಆಗಿಬಿಡುತ್ತದೆ. ಆಮೇಲೆ ಪಿಯುಸಿಗೆ ಸೇರುವಾಗ 95 ತೆಗೆದ ಹುಡುಗಿಗೆ "ಪಿಸಿಎಂಬಿ ಕಷ್ಟ, ಕಾಮರ್ಸ್ ತಗೋ" ಅನ್ನುತ್ತಾರೆ.

ಇದು ಎಷ್ಟು ಬೇಗ ಶುರುವಾಗುತ್ತದೆ ಅಂದರೆ, ಅಮೆರಿಕದಲ್ಲಿ 2017ರಲ್ಲಿ ಪ್ರಕಟವಾದ ಲಿನ್ ಬಿಯಾನ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 5 ವರ್ಷದ ಹುಡುಗಿಯರು ತಮ್ಮಂಥವರೂ ಮಹಾ ಜಾಣರು ಅನ್ನುತ್ತಿದ್ದರು. 6 ವರ್ಷಕ್ಕೆ ಆ ಮಾತು ಇಳಿದಿತ್ತು. "ಇದು ತುಂಬಾ ತುಂಬಾ ಜಾಣರ ಆಟ" ಅಂದರೆ ಹಿಂದೆ ಸರಿಯುತ್ತಿದ್ದರು. "ಶ್ರಮ ಪಡುವವರ ಆಟ" ಅಂದರೆ ಹಾಗೆ ಹಿಂಜರಿಯುತ್ತಿರಲಿಲ್ಲ. ಆಟ ಹೆಚ್ಚುಕಡಿಮೆ ಒಂದೇ ಥರದ್ದು.

ಅಮೆರಿಕದಲ್ಲಿರೋ ನಮ್ಮವರ ಮಕ್ಕಳು ಎಲ್ಲದರಲ್ಲೂ ಫಸ್ಟು. ಅದು ನಮ್ಮ ಸಂಸ್ಕೃತಿ ತಾನೇ?

ಸ್ವಲ್ಪ ಹೌದು, ಜಾಸ್ತಿ ಬೀಗಬೇಡಿ. ಇಂಗ್ಲಿಷ್ ಪದಗಳ ಅಕ್ಷರ ತಪ್ಪಿಲ್ಲದೆ ಹೇಳುವ ಅಲ್ಲಿನ ಸ್ಪೆಲ್ಲಿಂಗ್ ಬೀ ಸ್ಪರ್ಧೆಯನ್ನು ಭಾರತ ಮೂಲದ ಮಗು ಮೊದಲ ಸಲ ಗೆದ್ದಿದ್ದು 1985ರಲ್ಲಿ, ಬಾಲು ನಟರಾಜನ್. 2019ರಲ್ಲಿ 8 ಮಕ್ಕಳು ಜಂಟಿಯಾಗಿ ಗೆದ್ದರು, ಅವರಲ್ಲಿ 7 ಮಂದಿ ಭಾರತ ಮೂಲದವರು. ಹೆಮ್ಮೆ ಪಡಿ, ತೊಂದರೆ ಇಲ್ಲ. ಆದರೆ 1965ರ ವಲಸೆ ಕಾನೂನಿನ ನಂತರ ಅಲ್ಲಿಗೆ ಹೋದವರು ಯಾರು? ಡಾಕ್ಟರು, ಎಂಜಿನಿಯರು, ಪದವೀಧರರು. ಜರಡಿ ಹಿಡಿದು ಆರಿಸಿದ ಕಾಳು ಅದು. ಕಾಳು ಚೆನ್ನಾಗಿದೆ ಅಂತ ಇಡೀ ಹೊಲಕ್ಕೆ ಸರ್ಟಿಫಿಕೇಟ್ ಕೊಡಲು ಆಗುವುದಿಲ್ಲ.

2014ರಲ್ಲಿ ಏಮಿ ಸಿನ್ ಮತ್ತು ಯೂ ಶೀ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿನ ಏಷ್ಯಾ ಮೂಲದ ಮಕ್ಕಳು ಓದಿನಲ್ಲಿ ಮುಂದಿರುವುದಕ್ಕೆ ಮುಖ್ಯ ಕಾರಣ ಶ್ರಮವೇ, ಹೆಚ್ಚಿನ ಬುದ್ಧಿಯಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಸಾಲೂ ಇದೆ: ಆ ಮಕ್ಕಳಿಗೆ ತಮ್ಮ ಬಗ್ಗೆ ತಮಗೇ ಇರುವ ಅಭಿಪ್ರಾಯ ಕೆಳಗಿತ್ತು, ತಂದೆ ತಾಯಿಯ ಜೊತೆ ಜಟಾಪಟಿ ಜಾಸ್ತಿ ಇತ್ತು. ವಾಟ್ಸಾಪ್ ಫಾರ್ವರ್ಡ್‌ಗಳಲ್ಲಿ ಈ ಸಾಲು ಬರುವುದಿಲ್ಲ.

"ಜಾಣ ಮರಿ" ಅಂತ ಹೊಗಳಲೇಬಾರದಾ?

ಹೊಗಳಿ. ಮುದ್ದು ಮಾಡುವಾಗ ಲೆಕ್ಕಾಚಾರ ಬೇಡ. ಆದರೆ ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದಾಗ ಸ್ವಲ್ಪ ಯೋಚಿಸಿ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಡ್ವೆಕ್ ಐದನೇ ತರಗತಿಯ ಮಕ್ಕಳ ಜೊತೆ ಮಾಡಿದ ಪ್ರಯೋಗದಲ್ಲಿ, "ನೀನು ಬುದ್ಧಿವಂತ" ಅಂತ ಹೊಗಳಿಸಿಕೊಂಡವರು ಆಮೇಲೆ ಸುಲಭದ್ದನ್ನೇ ಆರಿಸಿಕೊಂಡರು, ಕಷ್ಟದ್ದು ಬಂದಾಗ ಬೇಗ ಕುಗ್ಗಿದರು. "ಶ್ರಮ ಪಟ್ಟೆ" ಅನ್ನಿಸಿಕೊಂಡವರು ಹಾಗಲ್ಲ. ಬುದ್ಧಿವಂತ ಅನ್ನುವ ಬಿರುದು ಸಿಕ್ಕಿದ ಮೇಲೆ ಅದನ್ನು ಕಳೆದುಕೊಳ್ಳುವ ಭಯವೂ ಬರುತ್ತದೆ.

ಗ್ರೋತ್ ಮೈಂಡ್‌ಸೆಟ್ ವರ್ಕ್‌ಶಾಪ್ ಅಂತೆ, ಸಾವಿರಾರು ರೂಪಾಯಿ ಫೀಸು. ಕಟ್ಟಬೇಕಾ?

ಬೇಡ. ಬುದ್ಧಿ ಹುಟ್ಟಿನಿಂದ ನಿಗದಿಯಾದದ್ದಲ್ಲ, ಬೆಳೆಸಿಕೊಳ್ಳಬಹುದು ಅನ್ನುವ ನಂಬಿಕೆಗೆ ಇಟ್ಟ ಹೆಸರು ಗ್ರೋತ್ ಮೈಂಡ್‌ಸೆಟ್. ಅಮೆರಿಕದಲ್ಲಿ ಸುಮಾರು 12,000 ಒಂಬತ್ತನೇ ತರಗತಿ ವಿದ್ಯಾರ್ಥಿಗಳನ್ನು ಆರಿಸಿ, ಅರ್ಧದಷ್ಟು ಮಕ್ಕಳಿಗೆ ಅದನ್ನು ಹೇಳಿಕೊಡುವ, ಒಂದು ಗಂಟೆಗೂ ಕಮ್ಮಿ ಹೊತ್ತಿನ ಆನ್‌ಲೈನ್ ಪಾಠ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂತು. ಮಾರ್ಕ್ಸಿನಲ್ಲಿ ಹಿಂದಿದ್ದ ಮಕ್ಕಳಿಗೆ 4ಕ್ಕೆ ಲೆಕ್ಕ ಹಾಕುವ ಗ್ರೇಡಿನಲ್ಲಿ ಸರಾಸರಿ 0.1 ಏರಿಕೆ. ಚಿಕ್ಕದು, ಆದರೆ ನಿಜ. ಅದೂ ಕಷ್ಟದ ಲೆಕ್ಕಕ್ಕೆ ಕೈ ಹಾಕುವುದನ್ನು ಗೆಳೆಯರು ಗೇಲಿ ಮಾಡದ ಶಾಲೆಗಳಲ್ಲಿ ಪರಿಣಾಮ ಚೆನ್ನಾಗಿ ಕಂಡಿತು. ಗೋಡೆಗೆ "ನಿನ್ನಿಂದ ಸಾಧ್ಯ" ಅಂತ ಪೋಸ್ಟರ್ ಅಂಟಿಸಿ, ಕೆಳಗೆ ಎ ಸೆಕ್ಷನ್, ಬಿ ಸೆಕ್ಷನ್ ಅಂತ ಮಾರ್ಕ್ಸ್ ನೋಡಿ ಮಕ್ಕಳನ್ನು ಕೂರಿಸಿದರೆ ಮಕ್ಕಳು ಯಾವುದನ್ನು ನಂಬುತ್ತಾರೆ?

ನಾನೇ ಓದುವಾಗ ಸಿ ಸೆಕ್ಷನ್ನಿನವನು. ಒಳ್ಳೆಯ ಗಣಿತದ ಮೇಷ್ಟ್ರು ಎ ಸೆಕ್ಷನ್ನಿಗೆ ಮಾತ್ರ. ನಮಗೆ ಆ ವರ್ಷ ಗಣಿತಕ್ಕೆ ಡ್ರಿಲ್ ಮೇಷ್ಟ್ರು. ಪಾಪ ಅವರದ್ದೂ ತಪ್ಪಿಲ್ಲ. ನಾನು ದಡ್ಡ ಅಂತ ನನಗೆ ಯಾರೂ ಹೇಳಲಿಲ್ಲ, ಬಾಗಿಲ ಮೇಲಿನ ಆ ಒಂದು ಅಕ್ಷರವೇ ಹೇಳಿತು.

ನನ್ನ ಮಗ ರಾತ್ರಿ 11ರ ತನಕ ಓದ್ತಾನೆ. ಆದ್ರೂ ಮಾರ್ಕ್ಸ್ ಬರಲ್ಲ. ಇನ್ನೂ ಜಾಸ್ತಿ ಓದು ಅನ್ನಬೇಕಾ?

ಅನ್ನಬೇಡಿ. ಈ ಪ್ರಶ್ನೆಯೇ ನನಗೆ ಎಲ್ಲಕ್ಕಿಂತ ಮುಖ್ಯ.

ಹೋದ ವರ್ಷ ಒಂಬತ್ತನೇ ತರಗತಿಯ ಒಬ್ಬ ಹುಡುಗ. ಅವನ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. "ಸಾರ್, ಒಂದೊಂದು ಲೆಕ್ಕ ಮೂರು ಮೂರು ಸಲ ಬರೀತಾನೆ, ನೋಡಿ" ಅಂತ ನೋಟ್ಸು ತಂದು ತೋರಿಸಿದರು. ನಿಜ. ಗೈಡಿನಿಂದ ಮೂರು ಸಲ ನಕಲು. ಅಕ್ಷರ ಮುತ್ತಿನ ಹಾಗೆ. ಆದರೆ ಟೆಸ್ಟಿನಲ್ಲಿ 25ಕ್ಕೆ 6.

ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸಮೀಕರಣ ಬಿಡಿಸಲು ಹೇಳಿದೆ. 3x + 8 = 2. ಅವನು 8ನ್ನು ಆ ಕಡೆ ಕಳಿಸಿ, 3x = 2 − 8 ಅಂತ ಸರಿಯಾಗಿ ಬರೆದ. ಮುಂದಿನ ಸಾಲು 3x = 6. ಅಲ್ಲಿಗೆ ನಿಂತಿತು ಕಥೆ. ಬೀಜಗಣಿತ ಅವನಿಗೆ ಗೊತ್ತಿತ್ತು. ಎರಡರಲ್ಲಿ ಎಂಟು ಹೇಗೆ ಕಳೆಯುವುದು ಅನ್ನುವುದು ಆರನೇ ತರಗತಿಯಲ್ಲೇ ಬಿಟ್ಟುಹೋಗಿತ್ತು. ಮೂರು ವರ್ಷ ಅವನು ಪಟ್ಟ ಶ್ರಮವೆಲ್ಲ ತೂತು ಕೊಡದಲ್ಲಿ ನೀರು ಹೊತ್ತಂತೆ. ಲಿಫ್ಟಿನ ಚಿತ್ರ ಬರೆದೆ. ಎರಡನೇ ಮಹಡಿಯಿಂದ ಎಂಟು ಮಹಡಿ ಕೆಳಗಿಳಿದರೆ ಎಲ್ಲಿ ನಿಲ್ಲುತ್ತೀಯ? "ನೆಲದೊಳಗೆ ಸಾರ್, ಆರು ಕೆಳಗೆ" ಅಂದ. ಅಷ್ಟೇ, ಆಮೇಲೆ ಅಂಥವೇ ಹತ್ತು ದಿನ ಮಾಡಿಸಿದೆ.

ಶ್ರಮ ಪಡು ಅನ್ನುವುದು ಸುಲಭ. ಎಲ್ಲಿ ಪಡಬೇಕು ಅಂತ ತೋರಿಸುವುದು ದೊಡ್ಡವರ ಕೆಲಸ. ಅದನ್ನು ತೋರಿಸದೆ ಬರೀ ಓದು ಓದು ಅಂದರೆ, ಓದಿಯೂ ಸೋತ ಮಗುವಿಗೆ ಉಳಿಯುವುದು ಒಂದೇ ತೀರ್ಮಾನ: ನಾನು ಇಷ್ಟು ಕಷ್ಟಪಟ್ಟರೂ ಆಗಲಿಲ್ಲ ಅಂದರೆ ನನಗೆ ತಲೆಯೇ ಇಲ್ಲ.

ಮನೆಯಲ್ಲಿ ನಮಗೇ ಓದು ಬರಲ್ಲ. ನಾವೇನು ಮಾಡಬಹುದು?

"ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡೆ?" ಅಂತ ಕೇಳಿ. ಉತ್ತರ ನಿಮಗೆ ಅರ್ಥ ಆಗಬೇಕಿಲ್ಲ. ಆ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಸಿ, ಮೇಷ್ಟ್ರಿಗೆ ತೋರಿಸು ಅನ್ನಿ.

ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದ. ಈಗೇನು?

ಮೊದಲು ಊಟ ಹಾಕಿ. ಆ ದಿನ ಪಕ್ಕದ ಮನೆ ಮಗುವಿನ ಹೆಸರು ಎತ್ತಬೇಡಿ.

ಆಮೇಲೆ ಒಂದು ಲೆಕ್ಕ ನೋಡಿ. ರಾಜ್ಯದಲ್ಲಿ 2023ರಲ್ಲಿ ಶೇ 83.89 ಮಕ್ಕಳು ಪಾಸಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಪಾಸಾದವರು ಶೇ 73.40, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಕರ್ನಾಟಕದ ಮಕ್ಕಳ ಬುದ್ಧಿ ಕರಗಿತಾ? ಪಾಸು, ಫೇಲು ಅನ್ನುವುದರಲ್ಲಿ ಮಗುವಿನ ತಲೆ ಬಿಟ್ಟು ಎಷ್ಟೊಂದು ಸಂಗತಿ ಇರುತ್ತದೆ ನೋಡಿ.

ಅದೇ ವರ್ಷದಿಂದ ಇನ್ನೊಂದು ಬದಲಾವಣೆ ಬಂತು. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. "ಸಪ್ಲಿಮೆಂಟರಿ" ಅನ್ನುವ ಹೆಸರು ಹೋಗಿ ಪರೀಕ್ಷೆ 1, ಪರೀಕ್ಷೆ 2, ಪರೀಕ್ಷೆ 3 ಆಯಿತು. ಪಾಸಾದವರೂ ಮಾರ್ಕ್ಸ್ ಹೆಚ್ಚಿಸಿಕೊಳ್ಳಲು ಬರೆಯಬಹುದು, ಹೆಚ್ಚು ಬಂದದ್ದನ್ನು ಇಟ್ಟುಕೊಳ್ಳಬಹುದು. ಮೊದಲೆಲ್ಲ ಸಪ್ಲಿಮೆಂಟರಿಗೆ ಹೋಗುವ ಮಗು ಹಿಂದಿನ ಬೀದಿ ಹಿಡಿದು ಹೋಗುತ್ತಿತ್ತು. ಈಗ ಅದೇ ಕೊಠಡಿಯಲ್ಲಿ 90 ತೆಗೆದವನೂ ಪಕ್ಕದ ಬೆಂಚಿನಲ್ಲಿ ಇರಬಹುದು.

ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿಗೆ ಅರ್ಜಿ ಹಾಕಿ. ಪರೀಕ್ಷೆ 2ಕ್ಕೆ ಹೆಸರು ನೋಂದಾಯಿಸುವ ಕೊನೆಯ ದಿನಾಂಕವನ್ನು ಶಾಲೆಯಲ್ಲಿ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಪ್ರತಿ ಬಂದ ಮೇಲೆ ಗಣಿತದ ಮೇಷ್ಟ್ರ ಹತ್ತಿರ ಮಗನನ್ನು ಕರೆದುಕೊಂಡು ಹೋಗಿ. ಮಾರ್ಕ್ಸ್ ಎಷ್ಟು ಅಂತ ನೋಡಬೇಡಿ, ಅದು ಆಗಲೇ ಗೊತ್ತಿದೆ. ಯಾವ ಸಾಲಿನಲ್ಲಿ ತಪ್ಪಿತು ಅಂತ ನೋಡಿ.